ಗಡ್ಡೆ ಅಂದರೆ ಕ್ಯಾನ್ಸರ್ ಅಥವಾ ಟಿಬಿ ಮಾತ್ರವಾ?

ಸಂಪಾದಕರೇ,

ಮೊನ್ನೆ ಮಲ್ಪೆ ಬಸ್ಸಿನಲ್ಲಿ ಸಿಕ್ಕ ಪರಿಚಯದವರೊಬ್ಬರು 'ನಿಮ್ಮ ಅತ್ತಿಗೆಗೆ ಕ್ಯಾನ್ಸರ್ ಅಂತೆ, ಪಾಪ' ಅಂದರು. ಅಲ್ಲ ಅಂದೆ. 'ಹಾಗಾದ್ರೆ ಟಿಬಿ ಅಲ್ವಾ?' ಅದೂ ಅಲ್ಲ. ವಿವರ ಹೇಳುವ ಮೊದಲೇ ಕಲ್ಮಾಡಿ ಬಂತು, ಅವರು ಇಳಿದರು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅತ್ತಿಗೆಗೆ ದಿನಾ ಸಂಜೆ ಸಣ್ಣ ಜ್ವರ, ಸುಸ್ತು. ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಸ್ಕ್ಯಾನಿಂಗ್ ಮಾಡಿಸಿದರೆ ಕರುಳಿನ ಪಕ್ಕ ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ. ಜ್ವರದ ಜೊತೆ ಹೊಟ್ಟೆಯಲ್ಲಿ ಗಡ್ಡೆ ಅಂದರೆ ನಮ್ಮಲ್ಲಿ ಮೊದಲು ಟಿಬಿ ನೆನಪಾಗುತ್ತದೆ, ಅದು ತಪ್ಪೂ ಅಲ್ಲ. ಆದರೆ ಒಂದು ಆಸ್ಪತ್ರೆಯಲ್ಲಿ ಬಯಾಪ್ಸಿಯನ್ನೇ (ಗಡ್ಡೆಯ ತುಣುಕು ತೆಗೆದು ಪರೀಕ್ಷಿಸುವುದು) ಮಾಡದೆ ಟಿಬಿ ಮಾತ್ರೆ ಶುರು ಮಾಡಿಬಿಟ್ಟರು. ಐದು ತಿಂಗಳು ನುಂಗಿದರು. ಮೂತ್ರ ಕಿತ್ತಳೆ ಬಣ್ಣ, ಬಾಯಿಗೆ ಗಂಜಿ ಉಪ್ಪಿನಕಾಯಿ ಕೂಡ ಸೇರದು, ಗಡ್ಡೆ ಮಾತ್ರ ಇದ್ದ ಹಾಗೇ ಇತ್ತು.

ಆಮೇಲೆ ಮಂಗಳೂರಿಗೆ ಹೋದೆವು. ಅಲ್ಲಿ ಕಾಂಟ್ರಾಸ್ಟ್ (ರಕ್ತನಾಳ ಎದ್ದು ಕಾಣುವಂತೆ ಮಾಡುವ ಔಷಧಿ) ಕೊಟ್ಟು ಸಿಟಿ ಸ್ಕ್ಯಾನ್ ಮಾಡಿದಾಗ ಗಡ್ಡೆ ಬೆಳ್ಳಗೆ ಹೊಳೆಯಿತು, ಒಳಗೆ ರಕ್ತನಾಳ ಜಾಸ್ತಿ ಅಂತ ಅರ್ಥವಂತೆ. ಸೂಜಿ ಚುಚ್ಚಿ ತೆಗೆದದ್ದರಲ್ಲಿ ಏನೂ ಗೊತ್ತಾಗಲಿಲ್ಲ. ಸೂಜಿಯಲ್ಲಿ ಬರುವುದು ಒಂದಿಷ್ಟು ಜೀವಕೋಶ ಮಾತ್ರ, ಈ ಕಾಯಿಲೆ ಹಿಡಿಯಲು ಗಡ್ಡೆಯ ಒಳಗಿನ ಕಟ್ಟೋಣವೇ ಕಾಣಬೇಕು. ಕೊನೆಗೆ ಆಪರೇಷನ್ ಮಾಡಿ ಇಡೀ ಗಡ್ಡೆ ತೆಗೆದು ಲ್ಯಾಬಿಗೆ ಕಳಿಸಿದ ಮೇಲೆ ಹೆಸರು ಸಿಕ್ಕಿತು: ಕ್ಯಾಸಲ್‌ಮನ್ ಕಾಯಿಲೆ. 1950ರ ದಶಕದಲ್ಲಿ ಬಾಸ್ಟನ್ನಿನ ಬೆಂಜಮಿನ್ ಕ್ಯಾಸಲ್‌ಮನ್ ಎಂಬ ಪೆಥಾಲಜಿ ಡಾಕ್ಟರು (ಲ್ಯಾಬಿನಲ್ಲಿ ತುಣುಕು ನೋಡಿ ಕಾಯಿಲೆ ಹೇಳುವವರು) ಇದನ್ನು ಗುರುತಿಸಿದ್ದರಂತೆ, ನಾವು ಕೇಳಿದ್ದು ಅವತ್ತೇ ಮೊದಲು.

ದುಗ್ಧಗ್ರಂಥಿ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಸಣ್ಣ ಗ್ರಂಥಿ (ಲಿಂಫ್ ನೋಡ್), ಸುಮ್ನೆ ಬೆಳೆಯುತ್ತಾ ಹೋಗುವ ಕಾಯಿಲೆ ಇದು. ಕ್ಯಾನ್ಸರ್ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಕೆಲವರಲ್ಲಿ ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕ ಹೆಚ್ಚಾಗಿ ಜ್ವರ, ರಕ್ತಹೀನತೆ ಬರುತ್ತದೆ. ಒಂದೇ ಕಡೆ ಇದ್ದರೆ ಪೂರ್ತಿ ತೆಗೆದರೆ ಹೆಚ್ಚಿನವರಿಗೆ ವಾಸಿಯಾಗುತ್ತದೆ. ಹಲವು ಕಡೆ ಇದ್ದರೆ ದಾರಿಯೇ ಬೇರೆ: ಎಚ್‌ಐವಿ ಮತ್ತು ಎಚ್‌ಎಚ್‌ವಿ-8 ವೈರಸ್ಸಿನ ಪರೀಕ್ಷೆ, ಇಂಟರ್‌ಲ್ಯೂಕಿನ್-6 ತಡೆಯುವ ಸಿಲ್ಟಕ್ಸಿಮಾಬ್‌ನಂಥ ಔಷಧಿ, ಹೀಗೆ. ಅತ್ತಿಗೆಯದ್ದು ಒಂದೇ ಕಡೆ. ಈಗ ಹಿಮೋಗ್ಲೋಬಿನ್ 11 ದಾಟಿದೆ, ಆಗಾಗ ಸ್ಕ್ಯಾನ್ ಮಾತ್ರ.

ಡಾಕ್ಟರ ಮೇಲೆ ಸಿಟ್ಟು ಇಳಿದಿದೆ (ಅಣ್ಣನಿಗೆ ಇನ್ನೂ ಇಳಿದಿಲ್ಲ). ಆದರೆ ತಿಂಗಳುಗಟ್ಟಲೆ ಮಾತ್ರೆ ಬರೆಯುವ ಮೊದಲು 'ಬಯಾಪ್ಸಿ ಆಗಿದೆಯಾ?' ಅಂತ ಕೇಳಲು ಮನೆಯವರು ನಾಚಿಕೆಪಡಬಾರದು. ಆಪರೇಷನ್ ಆದರೆ ರಿಪೋರ್ಟ್ ಜೊತೆ ಸ್ಲೈಡ್ (ಗಾಜಿನ ಮೇಲಿನ ತೆಳು ತುಣುಕು), ಬ್ಲಾಕ್ (ಮೇಣದಲ್ಲಿ ಇಟ್ಟ ಗಡ್ಡೆಯ ತುಂಡು) ಕೂಡ ಕೇಳಿ ಇಟ್ಟುಕೊಳ್ಳಿ, ಬೇರೆ ಡಾಕ್ಟರಿಗೆ ತೋರಿಸಲು ಬೇಕಾಗುತ್ತದೆ. ನಿಮ್ಮ ಆರೋಗ್ಯ ಪುಟದಲ್ಲಿ ಪೆಥಾಲಜಿ ಡಾಕ್ಟರೊಬ್ಬರಿಂದ ಈ ಬಗ್ಗೆ ಬರೆಸಿದರೆ ಉಪಕಾರ.

— ಒಬ್ಬ ಓದುಗ, ಮಲ್ಪೆ