ಜೂಲಿಯನ್ ಸೋತದ್ದು ಪರ್ಷಿಯದಲ್ಲಲ್ಲ

ಮಾನ್ಯರೇ,

ರೋಮ್ ಚಕ್ರವರ್ತಿ ಜೂಲಿಯನ್ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಕ್ರಿ.ಶ. 363ರ ಪರ್ಷಿಯ ಯುದ್ಧದಲ್ಲಿ ಈಟಿ ತಗಲಿ ಸಾಯದಿದ್ದರೆ ಆತ ಕ್ರೈಸ್ತ ಮತವನ್ನು ಬದಿಗೆ ಸರಿಸಿ ಹಳೆಯ ದೇವತೆಗಳ ಪೂಜೆಯನ್ನು ಮತ್ತೆ ನೆಲೆಗೊಳಿಸುತ್ತಿದ್ದನಂತೆ. ನಾನಿದನ್ನು ಒಪ್ಪಲಾರೆ. ಏಕಚಕ್ರಾಧಿಪತಿಯಾಗಿ ಆಳಿದ್ದು ಸುಮಾರು 20 ತಿಂಗಳು ಮಾತ್ರ, ನಿಜ. ಆದರೆ ಕೆಲಸ ಕೈಗೂಡುತ್ತಿಲ್ಲ ಎಂಬುದಕ್ಕೆ ಅವನ ಬರಹಗಳೇ ಸಾಕ್ಷಿ.

362ರಲ್ಲಿ ಆಂಟಿಯೋಕ್ ನಗರದ ಹೊರಗಿನ ಡ್ಯಾಫ್ನೆಯಲ್ಲಿ ಅಪೋಲೊ ದೇವರ ವಾರ್ಷಿಕ ಉತ್ಸವ. ಬಲಿಪಶುಗಳು, ಧೂಪ, ಮೇಳಗಾನ, ಬಿಳಿ ಬಟ್ಟೆ ತೊಟ್ಟ ಹುಡುಗರು ಎಂದು ಏನೇನೋ ಕಲ್ಪಿಸಿಕೊಂಡು ಜೂಲಿಯನ್ ಓಡೋಡಿ ಹೋದ. ಗುಡಿಯಲ್ಲಿ ಒಂದು ಚಿಟಿಕೆ ಧೂಪವೂ ಇರಲಿಲ್ಲ. ಊರು ಏನು ಕೊಟ್ಟಿದೆ ಎಂದು ಕೇಳಿದರೆ, ಪೂಜಾರಿ ತನ್ನ ಮನೆಯಿಂದ ತಂದಿದ್ದ ಒಂದು ಹೆಬ್ಬಾತನ್ನು ತೋರಿಸಿದ. ಅಷ್ಟು ದೊಡ್ಡ ನಗರ ಏನನ್ನೂ ಕೊಟ್ಟಿರಲಿಲ್ಲ! ಈ ಪ್ರಸಂಗ ಓದಿದಾಗಲೆಲ್ಲ ನನಗೆ ಅವನ ಮೇಲೆ ಮರುಕ ಹುಟ್ಟುತ್ತದೆ.

ಕಾರಣ ಅವನಿಗೂ ಗೊತ್ತಿತ್ತು. ಗಲೇಷಿಯ ಪ್ರಾಂತ್ಯದ ಪ್ರಧಾನ ಅರ್ಚಕ ಅರ್ಸಾಸಿಯಸ್‌ಗೆ ಬರೆದ ಪತ್ರದಲ್ಲಿ, ಕ್ರೈಸ್ತರು ತಮ್ಮ ಬಡವರ ಜೊತೆಗೆ ನಮ್ಮವರನ್ನೂ ಸಾಕುತ್ತಿದ್ದಾರೆ, ಇದು ನಮಗೆ ನಾಚಿಕೆಗೇಡು ಎಂದು ಸಂಕಟಪಡುತ್ತಾನೆ. ಊರೂರಲ್ಲಿ ಛತ್ರ ಕಟ್ಟಿಸಿ ಎನ್ನುತ್ತಾನೆ. ಅದಕ್ಕೆಂದು ವರ್ಷಕ್ಕೆ 30,000 ಅಳತೆ ಗೋಧಿ ಕೊಡುತ್ತಾನೆ. ಐದರಲ್ಲೊಂದು ಪಾಲು ಅರ್ಚಕರ ಸೇವೆಯಲ್ಲಿರುವ ಬಡವರಿಗೆ, ಉಳಿದದ್ದು ದಾರಿಹೋಕರಿಗೆ, ಭಿಕ್ಷುಕರಿಗೆ. ಒಳ್ಳೆಯ ಮನಸ್ಸೇ. ಆದರೆ ಅಲ್ಲಿ ಭಕ್ತರು ಕೈಯಾರೆ ಮಾಡುತ್ತಿದ್ದುದನ್ನು ಇಲ್ಲಿ ಬೊಕ್ಕಸ ಮಾಡಬೇಕಾಯಿತು.

ಕ್ರೈಸ್ತ ಅಧ್ಯಾಪಕರು ಹಳೆಯ ಗ್ರೀಕ್ ಕಾವ್ಯಗಳನ್ನು ಕಲಿಸಬಾರದೆಂದು ಜೂಲಿಯನ್ ಹೊರಡಿಸಿದ, ಲೇಖನ ಒಂದೇ ಸಾಲಿನಲ್ಲಿ ಮುಗಿಸಿದ ಆದೇಶ, ಬದುಕಿಡೀ ಪಾಠ ಹೇಳಿದ ನನಗೆ, ಎಲ್ಲಕ್ಕಿಂತ ದೊಡ್ಡ ತಪ್ಪಾಗಿ ಕಾಣುತ್ತದೆ. ಗ್ರೀಕ್ ಮಹಾಕವಿ ಹೋಮರನನ್ನು ಕಲಿಸುವವರು ಹೋಮರನ ದೇವತೆಗಳನ್ನು ನಂಬಬೇಕು, ಇಲ್ಲವಾದರೆ ಚರ್ಚಿಗೆ ಹೋಗಿ ಮತ್ತಾಯ, ಲೂಕರ ಪಾಠ ಹೇಳಲಿ ಎಂದ. ಅಥೆನ್ಸಿನ ಹಿರಿಯ ಕ್ರೈಸ್ತ ಗುರು ಪ್ರೊಹೆರೀಸಿಯಸ್ ಪೀಠ ಬಿಟ್ಟು ಎದ್ದರು. ಜೂಲಿಯನ್ನನ ಸೈನ್ಯದಲ್ಲಿದ್ದ, ಹಳೆಯ ದೇವತೆಗಳನ್ನೇ ನಂಬಿದ್ದ ಇತಿಹಾಸಕಾರ ಅಮ್ಮಿಯಾನಸ್ ಕೂಡ ಈ ಕ್ರೂರ ಆದೇಶವನ್ನು ಶಾಶ್ವತ ಮೌನದಲ್ಲಿ ಹೂತುಬಿಡಬೇಕು ಎಂದು ಬರೆದ. ಅವನ ಆ ಮಾತನ್ನಾದರೂ ಲೇಖಕರು ಉಲ್ಲೇಖಿಸಬೇಕಿತ್ತು.

— ನಿವೃತ್ತ ಇತಿಹಾಸ ಅಧ್ಯಾಪಕಿ, ಧಾರವಾಡ