ಅರ್ಜಿಗಿಂತ ಮೊದಲು ಆ ಸರ್ಟಿಫಿಕೇಟು

ಚಿ. ಪುಟ್ಟನಿಗೆ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ಹೆಂಡತಿಯಿಂದ ಬೇರೆಯಾಗಿದ್ದೇನೆ, ಮಗಳನ್ನು ನೋಡಿ ಐದು ವಾರವಾಯಿತು, ಈ ವಾರವೇ ಕೋರ್ಟಿಗೆ ಹಾಕಿಬಿಡುತ್ತೇನೆ ಎಂದು ಬರೆದಿದ್ದೀಯ. ನಿನ್ನ ಸಂಕಟ ಅರ್ಥವಾಗುತ್ತದೆ, ಆದರೆ ಅವಸರ ಬೇಡ. ಬೆಂಗಳೂರಿನ ಗೆಳೆಯರು ಹೇಳಿದ್ದು ಬೆಂಗಳೂರಿಗೆ ಸರಿ. ಅಲ್ಲಿ ಮೊದಲು ಕೇಸು, ಆಮೇಲೆ ಜಡ್ಜೇ ಕೌನ್ಸೆಲಿಂಗಿಗೋ ಮೀಡಿಯೇಶನ್ನಿಗೋ, ಅಂದರೆ ಮಧ್ಯಸ್ಥರ ಮುಂದೆ ಕೂತು ರಾಜಿ ಮಾತಾಡಲು, ಕಳಿಸುತ್ತಾರೆ. ನೀನಿರುವ ಮೆಲ್ಬರ್ನಿನಲ್ಲಿ ಇದು ತಿರುಗುಮುರುಗು. ಮಗುವಿನ ವಿಷಯಕ್ಕೆ ಅರ್ಜಿ ಹಾಕಬೇಕಾದರೆ ಮೊದಲು ಮೀಡಿಯೇಶನ್ನಿಗೆ ಪ್ರಯತ್ನಪಟ್ಟಿರಬೇಕು, ಅದಕ್ಕೆ ಸರ್ಟಿಫಿಕೇಟು ಇರಬೇಕು. ಆಸ್ಟ್ರೇಲಿಯಾದ 1975ರ ಫ್ಯಾಮಿಲಿ ಲಾ ಆಕ್ಟಿನ 60ಐ ಸೆಕ್ಷನ್ ಇದನ್ನು ಕೇಳುತ್ತದೆ. ಅದಿಲ್ಲದೆ, ವಿನಾಯಿತಿಯ ಕಾರಣವನ್ನೂ ತೋರಿಸದೆ ಹಾಕಿದ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಬರೀ ಡೈವೋರ್ಸಿಗೆ ಈ ಸರ್ಟಿಫಿಕೇಟು ಬೇಡ. ಅದಕ್ಕೆ ಹನ್ನೆರಡು ತಿಂಗಳು ಬೇರೆಯಾಗಿದ್ದರೆ ಸಾಕು. ಎರಡನ್ನೂ ಕಲಸಿಕೊಳ್ಳಬೇಡ.

ಈ ಸರ್ಟಿಫಿಕೇಟನ್ನು ಸರ್ಕಾರದ ಮಾನ್ಯತೆ ಪಡೆದ ಫ್ಯಾಮಿಲಿ ಡಿಸ್ಪ್ಯೂಟ್ ರೆಸಲ್ಯೂಶನ್ ಪ್ರಾಕ್ಟಿಶನರ್, ಅಂದರೆ ಕುಟುಂಬದ ತಕರಾರಿಗೆ ಮೀಡಿಯೇಶನ್ ನಡೆಸುವವರು, ಮಾತ್ರ ಕೊಡಬಹುದು. ಕನ್ನಡ ಸಂಘದ ಹಿರಿಯರನ್ನು ಕೂರಿಸಿಕೊಂಡು ಮಾತಾಡಿದ್ದು ಒಳ್ಳೆಯದೇ, ಆದರೆ ಅವರ ಪತ್ರವನ್ನು ಕೋರ್ಟು ಸರ್ಟಿಫಿಕೇಟು ಎಂದು ತೆಗೆದುಕೊಳ್ಳುವುದಿಲ್ಲ. ಮಾಮೂಲಿ ಕೌನ್ಸೆಲರ್ ಪತ್ರವೂ ಅಷ್ಟೇ. ಇಂಥ ಮೀಡಿಯೇಶನ್ ನಡೆಸುವ ಹತ್ತಿರದ ಫ್ಯಾಮಿಲಿ ರಿಲೇಶನ್‌ಶಿಪ್ ಸೆಂಟರಿಗೆ ಫೋನ್ ಮಾಡು, ಮೊದಲ ಒಂದು ಗಂಟೆಯ ಮೀಡಿಯೇಶನ್ ಉಚಿತ. ಸರದಿ ಉದ್ದವಿದ್ದರೆ ಖಾಸಗಿ ಪ್ರಾಕ್ಟಿಶನರ್ ಇದ್ದಾರೆ, ದುಡ್ಡು ಜಾಸ್ತಿ, ದಿನ ಬೇಗ ಸಿಗುತ್ತದೆ.

ಪ್ರಾಕ್ಟಿಶನರ್ ಮೊದಲು ನಿನ್ನೊಬ್ಬನ ಜೊತೆ, ಆಮೇಲೆ ನಿನ್ನ ಹೆಂಡತಿಯೊಬ್ಬಳ ಜೊತೆ ಬೇರೆ ಬೇರೆಯಾಗಿ ಮಾತಾಡುತ್ತಾರೆ. ಮನೆಯಲ್ಲಿ ಹೊಡೆತ, ಬೆದರಿಕೆ, ಹೆದರಿಕೆ ಏನಾದರೂ ಇತ್ತೇ ಎಂದು ಕೇಳುತ್ತಾರೆ. ನನ್ನನ್ನೇ ಅನುಮಾನಿಸುತ್ತಾರಲ್ಲ ಎಂದು ಸಿಡುಕಬೇಡ, ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಎದುರುಬದುರು ಕೂರುವುದು ಕಷ್ಟವೆಂದರೆ ಬೇರೆ ಬೇರೆ ಕೋಣೆಯಲ್ಲಿ, ಇಲ್ಲವೇ ಫೋನಿನಲ್ಲೇ ನಡೆಸುತ್ತಾರೆ. ನಿನ್ನ ಮೇಲೆ ಇಂಟರ್ವೆನ್ಶನ್ ಆರ್ಡರ್ (ಅವಳನ್ನು ಸಂಪರ್ಕಿಸಬಾರದು ಎಂಬಂಥ ಕೋರ್ಟಿನ ರಕ್ಷಣಾ ಆದೇಶ) ಏನಾದರೂ ಇದ್ದರೆ ಅದರ ಷರತ್ತುಗಳನ್ನು ಒಂದೊಂದಾಗಿ ಓದಿಕೋ. 'ಮೀಡಿಯೇಶನ್ನಿಗೆ ಬಾ' ಎಂದು ನೀನು ಕಳಿಸುವ ಒಂದು ಮೆಸೇಜೇ ಆರ್ಡರ್ ಮುರಿದಂತಾಗಬಹುದು. ಕರೆಯುವ ಕೆಲಸವನ್ನು ಸೆಂಟರಿಗೇ ಬಿಡು.

ಅವಳ ವಿಳಾಸ, ಇಮೇಲ್, ಫೋನ್ ನಂಬರು ಸರಿಯಾಗಿ ಕೊಡು. 'ಬರಲಿಲ್ಲ' ಎಂದು ಸರ್ಟಿಫಿಕೇಟು ಬರೆಯಬೇಕಾದರೆ ಪ್ರಾಕ್ಟಿಶನರ್ ಅವಳನ್ನು ಕನಿಷ್ಠ ಎರಡು ಸಲ ಸಂಪರ್ಕಿಸಿರಬೇಕು, ಅದರಲ್ಲಿ ಒಂದು ಬರವಣಿಗೆಯಲ್ಲಿ ಇರಬೇಕು, ಆರಿಸಿಕೊಳ್ಳಲು ದಿನ-ಸಮಯ ಕೊಟ್ಟಿರಬೇಕು. ಅವಳು ಖಾಲಿ ಮಾಡಿದ ಮನೆಯ ವಿಳಾಸಕ್ಕೆ ಪತ್ರ ಹೋದರೆ ಮತ್ತೆ ಮೊದಲಿನಿಂದ ಶುರು.

ಹೆಸರಿನ ವಿಷಯದಲ್ಲಿ ನಮ್ಮವರು ಎಡವುವುದು ಹೆಚ್ಚು. ಸೆಂಟರಿನ ಫಾರ್ಮಿನಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಮದುವೆಯಾದ ಮೇಲೆ ಅವಳ ಹೆಸರಿಗೆ ನಿನ್ನ ಹೆಸರು ಸೇರಿದ್ದು ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ. ಸರ್ಟಿಫಿಕೇಟಿನ ಹೆಸರೂ ಅರ್ಜಿಯ ಹೆಸರೂ ಅಕ್ಷರಕ್ಕಕ್ಷರ ಒಂದೇ ಇರಲಿ. ಮೊದಲ ಭೇಟಿಗೇ ಇಬ್ಬರ ಹೆಸರನ್ನೂ ಪಾಸ್‌ಪೋರ್ಟಿನಲ್ಲಿ ಇರುವಂತೆ ಬರೆದುಕೊಂಡು ಹೋಗು.

ಸರ್ಟಿಫಿಕೇಟು ಐದು ತರಹ. ಎದುರಿನವರು ಬರಲಿಲ್ಲ ಅಥವಾ ಒಪ್ಪಲಿಲ್ಲ. ಈ ಪ್ರಕರಣಕ್ಕೆ ಮೀಡಿಯೇಶನ್ ಸೂಕ್ತವಲ್ಲ ಎಂದು ಪ್ರಾಕ್ಟಿಶನರಿಗೇ ಅನ್ನಿಸಿತು. ಇಬ್ಬರೂ ಬಂದು ಮನಃಪೂರ್ವಕ ಪ್ರಯತ್ನಪಟ್ಟರು. ಬಂದರು, ಆದರೆ ಒಬ್ಬರು ಮನಸ್ಸಿಟ್ಟು ಪ್ರಯತ್ನಪಡಲಿಲ್ಲ. ಶುರುವಾಯಿತು, ಮುಂದುವರಿಸುವುದು ಸರಿಯಲ್ಲ ಎಂದು ನಿಲ್ಲಿಸಿದರು. ನಾಲ್ಕನೆಯದರಲ್ಲಿ ಆ 'ಒಬ್ಬರು' ನೀನಾಗಬಾರದು. ಬಂದು ಕೈಕಟ್ಟಿ ಕೂತು 'ಕೋರ್ಟಲ್ಲೇ ನೋಡ್ಕೊಳ್ಳೋಣ' ಎಂದು ಎದ್ದುಬಂದರೆ ಕೋರ್ಟು ಅದನ್ನು ಗಮನಿಸಿ ಮತ್ತೆ ಮೀಡಿಯೇಶನ್ನಿಗೇ ಕಳಿಸಬಹುದು, ಖರ್ಚನ್ನೂ ನಿನ್ನ ಮೇಲೆ ಹಾಕಬಹುದು. ಇನ್ನೊಂದು ಮಾತು: ಸರ್ಟಿಫಿಕೇಟಿಗೆ ಆಯುಸ್ಸು ಹನ್ನೆರಡು ತಿಂಗಳು, ಕೊನೆಯ ಮೀಡಿಯೇಶನ್ ಪ್ರಯತ್ನದಿಂದ ಲೆಕ್ಕ.

ಬರಿಗೈಯಲ್ಲಿ ಹೋಗಬೇಡ. ಒಂದು ಹಾಳೆಯಲ್ಲಿ ನಿನ್ನ ಪ್ರಸ್ತಾವ ಬರೆ. ಸ್ಕೂಲ್ ಟರ್ಮಿನಲ್ಲಿ ಯಾವ ವಾರ, ಯಾವ ದಿನ, ಎಷ್ಟು ಗಂಟೆಗೆ ಕರೆತರುವುದು, ಯಾರು ಬಿಡುವುದು; ಯುಗಾದಿ ಯಾರ ಜೊತೆ, ದೀಪಾವಳಿ ಯಾರ ಜೊತೆ; ಮಗುವಿನ ಪಾಸ್‌ಪೋರ್ಟು ಯಾರ ಹತ್ತಿರ. 'ಮಗಳನ್ನು ನೋಡಬೇಕು' ಎಂಬ ಒಂದೇ ವಾಕ್ಯದ ಮೇಲೆ ಮಾತು ಬೆಳೆಯುವುದಿಲ್ಲ. 'ಪ್ರತಿ ಎರಡನೇ ಶುಕ್ರವಾರ ಸ್ಕೂಲ್ ಬಿಟ್ಟಾಗಿನಿಂದ ಭಾನುವಾರ ಸಂಜೆ ಐದರವರೆಗೆ' ಎಂದು ಬರೆದರೆ ಅವಳು ಒಪ್ಪಬಹುದು, ತಿದ್ದಬಹುದು.

ಊರಿಗೆ ಹೋಗುವ ಮಾತು ಬಂದಾಗ ಜಾಗ್ರತೆ. ಕರೆದೊಯ್ದ ಮಕ್ಕಳನ್ನು ವಾಪಸ್ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ 'ರಜಕ್ಕೆ ಬೆಂಗಳೂರಿಗೆ' ಎಂದರೆ ಅವಳಿಗೆ ಭಯವಾಗುವುದು ಸಹಜ. ಟಿಕೆಟ್ಟಿನ ಪ್ರತಿ, ವಾಪಸ್ಸಿನ ತಾರೀಖು, ಉಳಿಯುವ ವಿಳಾಸ ಮೊದಲೇ ಕೊಡುವುದಾಗಿ ನೀನೇ ಹೇಳು. ಕೇಸು ನಡೆಯುವಾಗ ಅವಳ ಬರಹದ ಒಪ್ಪಿಗೆಯೋ ಕೋರ್ಟಿನ ಆದೇಶವೋ ಇಲ್ಲದೆ ಮಗುವನ್ನು ದೇಶ ಬಿಟ್ಟು ಕರೆದೊಯ್ದರೆ ಅದು ಅಪರಾಧ, ಜೈಲೂ ಆಗಬಹುದು.

ಮೀಡಿಯೇಶನ್ನಿನಲ್ಲಿ ಆಡಿದ ಮಾತು ಆ ಕೋಣೆಯಲ್ಲೇ ಉಳಿಯಬೇಕು. ರೆಕಾರ್ಡ್ ಮಾಡಬೇಡ, ಅವಳು ಅಲ್ಲಿ ಹೀಗೆ ಒಪ್ಪಿಕೊಂಡಳು ಎಂದು ಅಫಿಡವಿಟ್ಟಿನಲ್ಲಿ ಬರೆಯಬೇಡ. ಮಗುವಿನ ಸುರಕ್ಷತೆಯಂಥ ಕೆಲವು ವಿಷಯ ಬಿಟ್ಟರೆ ಅದು ಸಾಕ್ಷ್ಯವಾಗುವುದಿಲ್ಲ.

ಒಪ್ಪಂದವಾದರೆ ಸಂತೋಷ. ಇಬ್ಬರೂ ಸಹಿ ಮಾಡಿ ತಾರೀಖು ಹಾಕಿದರೆ ಅದು ಪೇರೆಂಟಿಂಗ್ ಪ್ಲಾನ್. ಆದರೆ ಅದನ್ನು ಮುರಿದರೆ ಕೋರ್ಟು ಜಾರಿ ಮಾಡಿಸುವುದಿಲ್ಲ. ಜಾರಿಯಾಗಬೇಕೆಂದರೆ ಕನ್ಸೆಂಟ್ ಆರ್ಡರಿಗೆ, ಅಂದರೆ ಇಬ್ಬರ ಒಪ್ಪಿಗೆಯಂತೆ ಕೋರ್ಟು ಕೊಡುವ ಆದೇಶಕ್ಕೆ, ಅರ್ಜಿ ಹಾಕಿ, ಅದಕ್ಕೆ ಸರ್ಟಿಫಿಕೇಟೂ ಬೇಡ.

ಒಪ್ಪಂದವಾಗದಿದ್ದರೆ ಕೋರ್ಟಿನ ಆನ್‌ಲೈನ್ ತಾಣವಾದ ಕಾಮನ್‌ವೆಲ್ತ್ ಕೋರ್ಟ್ಸ್ ಪೋರ್ಟಲಿನಲ್ಲಿ ಇವನ್ನು ಹಾಕಬೇಕು: ಇನಿಶಿಯೇಟಿಂಗ್ ಅಪ್ಲಿಕೇಶನ್ (ಕೇಸು ಶುರುಮಾಡುವ ಅರ್ಜಿ), ಅಫಿಡವಿಟ್, ಮಗುವಿನ ಅಪಾಯದ ನೋಟಿಸ್, ಪೇರೆಂಟಿಂಗ್ ಕ್ವೆಶ್ಚನೇರ್ (ಮಗುವಿನ ಪಾಲನೆಯ ಪ್ರಶ್ನಾವಳಿ), ಜೊತೆಗೆ ಜೆನ್ಯುಯಿನ್ ಸ್ಟೆಪ್ಸ್ ಸರ್ಟಿಫಿಕೇಟು (ರಾಜಿಗೆ ನಿಜವಾಗಿ ಪ್ರಯತ್ನಪಟ್ಟೆ ಎಂಬ ಹೇಳಿಕೆ). ಈ ಕೊನೆಯದು ಪ್ರಾಕ್ಟಿಶನರ್ ಕೊಡುವ 60ಐ ಸರ್ಟಿಫಿಕೇಟಿಗಿಂತ ಬೇರೆ, ತುಂಬುವವನು ನೀನೇ. ಒಂದಿದ್ದರೆ ಇನ್ನೊಂದು ಬೇಡವೆಂದುಕೊಂಡು ಎಷ್ಟೋ ಜನ ತಪ್ಪು ಮಾಡುತ್ತಾರೆ. ಅರ್ಜಿ ಹಾಕುವ ಮೊದಲು ಅವಳಿಗೆ ಬರಹದಲ್ಲಿ ತಿಳಿಸಿರಬೇಕು: ತಕರಾರು ಏನು, ಏನು ಕೇಳುತ್ತೀಯ, ರಾಜಿಗೆ ಏನು ಕೊಡುತ್ತೀಯ. ಉತ್ತರಕ್ಕೆ ಕನಿಷ್ಠ 14 ದಿನ ಬಿಡು. ಆ ಪತ್ರದ ಪ್ರತಿ ಇಟ್ಟುಕೋ.

ಹಿಂಸೆ, ಮಗುವಿಗೆ ಅಪಾಯ, ತೀರ ತುರ್ತು ಇದ್ದರೆ ಸರ್ಟಿಫಿಕೇಟಿಗೆ ವಿನಾಯಿತಿ ಉಂಟು, ಕಾರಣವನ್ನು ಅಫಿಡವಿಟ್ಟಿನಲ್ಲಿ ಹೇಳಬೇಕು. ಐದು ವಾರ ಮಗಳನ್ನು ನೋಡಿಲ್ಲ ಎಂಬುದೊಂದೇ ಅಲ್ಲಿ ತುರ್ತು ಅನ್ನಿಸಿಕೊಳ್ಳುವುದು ಕಷ್ಟ. ಕೇಳಲು ಕಹಿ, ಗೊತ್ತು.

ಸೋಮವಾರ ಬೆಳಿಗ್ಗೆ ಸೆಂಟರಿಗೆ ಫೋನ್ ಮಾಡಿ ದಿನ ತಗೊ. ಪ್ರಸ್ತಾವದ ಹಾಳೆಯನ್ನು ಕಳಿಸುವ ಮುಂಚೆ ನನಗೊಮ್ಮೆ ಓದಿಸು.

ಇತಿ,
ನಿನ್ನ ಅತ್ತೆ