ಚೌಕ ಮೊಳೆಯೆಲ್ಲ ಕುಲುಮೆಯದ್ದಲ್ಲ

ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರದ ಪುರವಣಿಯಲ್ಲಿ ಕೊಡಗಿನ ಹಳೇ ಮನೆಗಳ ಬಗ್ಗೆ ಬಂದ ಬರಹ ಓದಿದೆ. ಬರಹ ಚೆನ್ನಾಗಿತ್ತು, ಫೋಟೋಗಳು ಇನ್ನೂ ಚೆನ್ನಾಗಿದ್ದವು. ಆದರೆ ಒಂದು ಮಾತು ಮಾತ್ರ ನನಗೆ ಗಂಟಲಲ್ಲಿ ಇಳಿಯಲಿಲ್ಲ. ರಿಪೇರಿ ಮಾಡುವಾಗ ಬಾಗಿಲ ಚೌಕಟ್ಟಿನಿಂದ ಕಿತ್ತ ಮೊಳೆಗಳು ಚೌಕವಾಗಿದ್ದವಂತೆ, ಹಾಗಾಗಿ ಅವು ಊರಿನ ಕುಲುಮೆಯಲ್ಲೇ ಬಡಿದವಂತೆ, ಹಾಗಾಗಿ ಆ ಮನೆಗೆ ಇನ್ನೂರೈವತ್ತು ವರ್ಷವಾದರೂ ಆಗಿರಲೇಬೇಕಂತೆ. ಮೊಳೆ ಚೌಕವಾಗಿದ್ದ ಮಾತ್ರಕ್ಕೆ ಅದು ಕೈಯಲ್ಲಿ ಬಡಿದದ್ದು ಅಂತ ಹೇಳಲಾಗುವುದಿಲ್ಲ. ಕೈಯಲ್ಲಿ ಬಡಿದದ್ದೇ ಆಗಿದ್ದರೂ ಅದು ನಮ್ಮೂರಿನದ್ದೇ ಅಂತ ಹೇಳಲಾಗುವುದಿಲ್ಲ. ಮನೆಯ ವಯಸ್ಸಿನ ಮಾತು ಆಮೇಲೆ.

ನಾನು ಗೋಣಿಕೊಪ್ಪಲಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಬೆಳಗಿನಿಂದ ಸಂಜೆವರೆಗೆ ಮೊಳೆ ತೂಗಿ ಕೊಡುವುದೇ ಕೆಲಸ. ಹಳೇ ಮನೆ ಬಿಚ್ಚುವವರು ತುಕ್ಕು ಹಿಡಿದ ಮೊಳೆ ತಂದು ಕೌಂಟರ್ ಮೇಲೆ ಇಟ್ಟು, ಇದೇ ಥರದ್ದು ಇದೆಯಾ ಅಂತ ಕೇಳುತ್ತಾರೆ. ಇಲ್ಲ ಅಂತ ಹೇಳಿ ಕಳಿಸುವುದು ಸುಲಭ. ಆದರೆ ನೋಡ್ತಾ ನೋಡ್ತಾ ನನಗೆ ಇದರ ಹುಚ್ಚು ಹತ್ತಿತು, ಮೊಳೆ ಮಾಡುವ ಮಿಷನ್‌ಗಳ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ.

ಮೊದಲು ಕುಲುಮೆಯ ಮೊಳೆ. ಸಣ್ಣ ಕಬ್ಬಿಣದ ಸರಳನ್ನು ಕೆಂಪಗೆ ಕಾಯಿಸಿ, ಕಮ್ಮಾರರ ಅಡಿಗಲ್ಲಿನ ಮೇಲಿಟ್ಟು ತಿರುಗಿಸಿ ತಿರುಗಿಸಿ ಬಡಿಯುತ್ತಾರೆ. ತುದಿ ನಾಲ್ಕೂ ಕಡೆಯಿಂದ ಸಪೂರ ಆಗುತ್ತದೆ. ಆಮೇಲೆ ಬೇಕಾದಷ್ಟು ಉದ್ದಕ್ಕೆ ಕಡಿದು, ತೂತಿರುವ ಅಚ್ಚಿನಲ್ಲಿ ಇಳಿಸಿ, ಮೇಲೆ ಉಳಿದದ್ದನ್ನು ನಾಲ್ಕೈದು ಪೆಟ್ಟು ಹಾಕಿ ತಲೆ ಮಾಡುತ್ತಾರೆ. ಅದಕ್ಕೇ ಆ ತಲೆ ಸಮ ಇರುವುದಿಲ್ಲ, ಮೂಲೆ ಮೂಲೆಯಾಗಿ ಇಳಿಜಾರಾಗಿರುತ್ತದೆ. ಇದು ಬರೀ ಶಕ್ತಿಯ ಕೆಲಸ ಅಲ್ಲ, ಅಭ್ಯಾಸದ್ದು. 1776ರಲ್ಲೇ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಬರೆದಿದ್ದಾರೆ: ಮೊಳೆ ಮಾಡಿ ಗೊತ್ತಿಲ್ಲದ ಕಮ್ಮಾರ ದಿನಕ್ಕೆ ಇನ್ನೂರು ಮುನ್ನೂರು ಮಾಡಿದರೆ ಹೆಚ್ಚು, ಅದೂ ಕಳಪೆ ಮೊಳೆ. ಬೇರೆ ಕಸುಬೇ ಮಾಡದೆ ಇದೊಂದನ್ನೇ ಮಾಡಿಕೊಂಡು ಬಂದ ಇಪ್ಪತ್ತು ವರ್ಷದೊಳಗಿನ ಹುಡುಗರು ದಿನಕ್ಕೆ 2,300ಕ್ಕೂ ಜಾಸ್ತಿ ಮಾಡುತ್ತಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು.

ಇನ್ನು ಮಿಷನ್. ಇಲ್ಲೇ ನಿಮ್ಮ ಲೇಖಕರು ದಾರಿ ತಪ್ಪಿದ್ದು. ಮಿಷನ್ ಮೊಳೆ ಅಂದರೆ ಈಗಿನ ದುಂಡು ಮೊಳೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ 19ನೇ ಶತಮಾನದ ಬಹುಭಾಗ ಮಿಷನ್‌ನಿಂದ ಬಂದದ್ದು ಚೌಕ ಮೊಳೆಯೇ. ಅಮೆರಿಕದ ನ್ಯೂಬರಿಪೋರ್ಟ್‌ನ ಜೇಕಬ್ ಪರ್ಕಿನ್ಸ್ 1795ರಲ್ಲಿ ಇಂಥ ಮಿಷನ್‌ಗೆ ಪೇಟೆಂಟ್ ತೆಗೆದುಕೊಂಡರು. ಥಾಮಸ್ ಜೆಫರ್ಸನ್ ಅಧ್ಯಕ್ಷರಾಗುವ ಮೊದಲು ತಮ್ಮ ಎಸ್ಟೇಟಿನಲ್ಲಿ ಗುಲಾಮರ ಹತ್ತು ಹದಿನಾರು ವರ್ಷದ ಮಕ್ಕಳನ್ನು ಕೂರಿಸಿ ಮೊಳೆ ಬಡಿಸುತ್ತಿದ್ದರು. ಅವರೇ 1796ರಲ್ಲಿ ಮೊಳೆ ಕತ್ತರಿಸುವ ಮಿಷನ್ ತರಿಸಿದರು. 1807ರಲ್ಲಿ ಜೆಸ್ಸಿ ರೀಡ್ ಎಂಬವರು ಕತ್ತರಿಸುವುದು, ತಲೆ ಮಾಡುವುದು ಎರಡನ್ನೂ ಒಂದೇ ಮಿಷನ್‌ಗೆ ತಂದರು.

ಇದರಲ್ಲಿ ಕಾಯಿಸಿ ಬಡಿಯುವುದೇ ಇಲ್ಲ. ಮೊಳೆಯ ಉದ್ದ ಎಷ್ಟೋ ಅಷ್ಟು ಅಗಲದ ಕಬ್ಬಿಣದ ಪಟ್ಟಿಯನ್ನು ಕತ್ತರಿಯ ಬಾಯಿಗೆ ಕೊಡುತ್ತಾ ಹೋಗುವುದು. ನೆಟ್ಟಗೆ ಕತ್ತರಿಸಿದರೆ ಸಪೂರವಾಗುವುದಿಲ್ಲ, ಅದಕ್ಕೆ ಸ್ವಲ್ಪ ಓರೆಯಾಗಿ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದರೆ ಪಟ್ಟಿಯ ಉಳಿದ ಅಂಚೂ ಓರೆಯಾಗುತ್ತದೆ, ಅಲ್ವಾ? ಅದಕ್ಕೆ ಮೊದಮೊದಲು ಪ್ರತಿ ಏಟಿಗೂ ಪಟ್ಟಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸುತ್ತಿದ್ದರು. ಆಮೇಲೆ ಕತ್ತರಿಯನ್ನೇ ಓರೆಯಾಗಿ ಕೂರಿಸಿ, ಪ್ರತಿ ಏಟಿಗೂ ಪಟ್ಟಿಯನ್ನು ಮಗುಚಿ ಹಾಕುವ ಉಪಾಯ ಕಂಡುಕೊಂಡರು. ಒಂದು ಮೊಳೆಯ ದಪ್ಪ ಕಡೆ ಪಕ್ಕದ ಮೊಳೆಯ ಸಪೂರ ಕಡೆಗೆ ಹೊಂದಿಕೊಂಡು ಚೂರೂ ಕಬ್ಬಿಣ ಹಾಳಾಗದ ಹಾಗೆ ಒಂದರ ಹಿಂದೆ ಒಂದು ಉದುರುತ್ತಿತ್ತು.

ಈ ಎರಡು ರೀತಿಯ ಗುರುತೂ ಮೊಳೆಯ ಮೈಮೇಲೆ ಉಳಿದಿರುತ್ತದೆ. ಕಬ್ಬಿಣ ಕತ್ತರಿಸಿದಾಗ ಅಂಚಿನಲ್ಲಿ ಸಣ್ಣ ಚುಂಗು ಏಳುತ್ತದೆ, ಉಗುರು ಎಳೆದರೆ ತಾಗುವಂಥದ್ದು. ಪಟ್ಟಿ ವಾಲಿಸಿ ಕತ್ತರಿಸಿದ ಮೊಳೆಯಲ್ಲಿ ಈ ಚುಂಗು ಎದುರುಬದುರು ಮೂಲೆಗಳಲ್ಲಿ ಇರುತ್ತದೆ. ಮಗುಚಿ ಕತ್ತರಿಸಿದ್ದರಲ್ಲಿ ಎರಡೂ ಚುಂಗು ಒಂದೇ ಮುಖದ ಎರಡು ಅಂಚಿಗೆ ಬರುತ್ತವೆ. ಅಮೆರಿಕದಲ್ಲಿ ಮೊದಲನೆಯದು 1820ರ ದಶಕದ ಹೊತ್ತಿಗೆ ಮುಗಿಯಿತು, ಎರಡನೆಯದು 1810ರ ಸುಮಾರಿಗೆ ಶುರುವಾಗಿ ಶತಮಾನದ ಕೊನೆವರೆಗೂ ನಡೆಯಿತು. ಇನ್ನೊಂದು ಗುರುತು ಕಬ್ಬಿಣದ ಎಳೆ. ಹಳೇ ಕಬ್ಬಿಣಕ್ಕೆ ಮರಕ್ಕಿರುವ ಹಾಗೆ ನಾರು ಇರುತ್ತದೆ. ಮೊದಲಿನ ಮೊಳೆಗಳಲ್ಲಿ ಅದು ಅಡ್ಡಕ್ಕೆ ಇರುತ್ತಿತ್ತು, ಬಗ್ಗಿಸಿದರೆ ಪಟ್ಟನೆ ಮುರಿಯುತ್ತಿತ್ತು. 1830ರ ದಶಕದ ಕೊನೆ ಹೊತ್ತಿಗೆ ಎಳೆ ಉದ್ದಕ್ಕೆ ಬರುವ ಹಾಗೆ ಪಟ್ಟಿ ಮಾಡುವುದನ್ನು ಕಲಿತರು.

ಸುಲಭದ ಪರೀಕ್ಷೆ ಬೇಕಾದರೆ ಇಷ್ಟೇ. ಮೊಳೆಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ. ನಾಲ್ಕೂ ಕಡೆಯಿಂದ ಸಪೂರವಾಗಿ, ಮೈ ಏರುತಗ್ಗಾಗಿದ್ದರೆ ಬಡಿದದ್ದು. ಎರಡು ಕಡೆ ಮಾತ್ರ ಸಪೂರವಾಗಿ, ಉಳಿದೆರಡು ಕಡೆ ತಲೆಯಿಂದ ತುದಿವರೆಗೆ ಒಂದೇ ದಪ್ಪ ಇದ್ದು, ತುದಿ ಮೊಂಡಾಗಿದ್ದರೆ ಕತ್ತರಿಸಿದ್ದು. ನಿಮ್ಮ ಪುರವಣಿಯ ಫೋಟೋವನ್ನು ಭೂತಗನ್ನಡಿ ಇಟ್ಟು ನೋಡಿದೆ. ಅದರಲ್ಲಿ ಕಾಣುವ ಮೂರು ಮೊಳೆಗಳಲ್ಲಿ ಎರಡರ ತುದಿಯಂತೂ ಮೊಂಡು.

ಈಗ ನಾನು ಮಾರುವ ದುಂಡು ಮೊಳೆ ತಂತಿಯದ್ದು. ಇದನ್ನು ಮಾಡುವ ಮಿಷನ್ ಹುಟ್ಟಿದ್ದೂ 19ನೇ ಶತಮಾನದಲ್ಲೇ, ಮೊದಲು ಹೆಸರು ಮಾಡಿದ್ದು ಫ್ರಾನ್ಸಿನಲ್ಲಿ. ತಂತಿಯ ಸುರುಳಿ ಒಂದು ಕಡೆಯಿಂದ ಒಳಗೆ ಹೋಗುತ್ತದೆ, ರೋಲರ್‌ಗಳು ನೆಟ್ಟಗೆ ಮಾಡುತ್ತವೆ, ಎರಡು ಅಚ್ಚುಗಳು ಅದನ್ನು ಕಚ್ಚಿ ಹಿಡಿಯುತ್ತವೆ, ಹೊರಗೆ ಉಳಿದ ತುಣುಕಿಗೆ ಒಂದು ಗುದ್ದು ಬಿದ್ದು ತಲೆಯಾಗುತ್ತದೆ, ಆಮೇಲೆ ಆ ಕಡೆ ಈ ಕಡೆಯಿಂದ ಕತ್ತರಿ ಬಂದು ಚಿವುಟಿದರೆ ಚೂಪು ತುದಿ. ನಿಮ್ಮ ಮನೆಯ ಯಾವುದಾದರೂ ಹೊಸ ಮೊಳೆ ತೆಗೆದು ತಲೆಯ ಕೆಳಗೆ ನೋಡಿ, ಸಣ್ಣ ಸಣ್ಣ ಅಡ್ಡಗೆರೆ ಕಾಣುತ್ತವೆ. ಅಚ್ಚು ಕಚ್ಚಿದ ಗುರುತು ಅದು. ಕತ್ತರಿಸುವ ಮಿಷನ್‌ಗೆ ಒಬ್ಬ ಪಟ್ಟಿ ಹಿಡಿದು ನಿಂತೇ ಇರಬೇಕಿತ್ತು. ಇದಕ್ಕೆ ಆ ಕಾಟ ಇಲ್ಲ. 1856ರಲ್ಲಿ ಇಂಗ್ಲೆಂಡಿನ ಹೆನ್ರಿ ಬೆಸ್ಸೆಮರ್ ಅಗ್ಗದ ಉಕ್ಕಿನ ದಾರಿ ತೋರಿಸಿದ ಮೇಲೆ ತಂತಿ ಮೊಳೆಗೆ ತಡೆಯೇ ಇಲ್ಲದಾಯಿತು. 1886ರಲ್ಲಿ ಅಮೆರಿಕದ ಮೊಳೆಗಳಲ್ಲಿ ತಂತಿಯವು ನೂರಕ್ಕೆ ಹತ್ತು ಇದ್ದವು, ಆರೇ ವರ್ಷದಲ್ಲಿ ಕತ್ತರಿಸಿದ ಮೊಳೆಯನ್ನು ಹಿಂದೆ ಹಾಕಿದವು.

ಗಟ್ಟಿ ಅಂತ ಗೆದ್ದದ್ದಲ್ಲ, ಅಗ್ಗ ಅಂತ ಗೆದ್ದದ್ದು. ಅಂಗಡಿಯವನೇ ಹೀಗೆ ಹೇಳಬಾರದೇನೋ. ಆದರೆ ಅಮೆರಿಕದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಆಗಲೇ ಎಳೆದು ಪರೀಕ್ಷೆ ಮಾಡಿದಾಗ ಕತ್ತರಿಸಿದ ಮೊಳೆಯ ಹಿಡಿತವೇ ಬಹಳ ಜಾಸ್ತಿ ಅಂತ ಗೊತ್ತಾಗಿತ್ತು. ಮೊಂಡು ತುದಿ ಮರದ ನಾರನ್ನು ಕಡಿದು ಕೆಳಗೆ ತಳ್ಳುತ್ತದೆ, ಆ ನಾರೇ ಮೊಳೆಯನ್ನು ಒತ್ತಿ ಹಿಡಿಯುತ್ತದೆ. ಹಳೇ ಮುಚ್ಚಿಗೆ ಬಿಚ್ಚುವಾಗ ಮೊಳೆ ಬರಲ್ಲ ಅಂತ ಆಚಾರಿಗಳು ಬೈದುಕೊಳ್ಳುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರಿ, ಬಡಿದ ಮೊಳೆಯೇ ಸಿಕ್ಕಿತು ಅಂತಿಟ್ಟುಕೊಳ್ಳೋಣ. ಪೀಚೆಕತ್ತಿ, ಒಡಿಕತ್ತಿಯಂಥ ಕೊಡವರ ಕತ್ತಿ ಮಾಡಿದ ನಮ್ಮ ಐರಿಗಳ, ಅಂದರೆ ಕೊಡಗಿನ ಕಮ್ಮಾರರ, ಕೈಗೆ ಮೊಳೆ ಯಾವ ಲೆಕ್ಕ? ಅವರು ಮಾಡಿರಬಹುದು, ಇಲ್ಲ ಅನ್ನುತ್ತಿಲ್ಲ. ಆದರೆ ಇಂಗ್ಲೆಂಡಿನ ಡಡ್ಲಿ, ಬ್ರಾಮ್ಸ್‌ಗ್ರೋವ್ ಕಡೆ ಸಾವಿರಾರು ಕುಟುಂಬಗಳು ಮಿಷನ್ ಬಂದ ಮೇಲೂ ಇಡೀ ಶತಮಾನ ಕೈಯಲ್ಲೇ ಮೊಳೆ ಬಡಿಯುತ್ತಿದ್ದವು. ಮನೆಯ ಹಿತ್ತಲಲ್ಲಿ ಒಂದು ಪುಟ್ಟ ಕುಲುಮೆ, ಹೆಂಗಸರು ಮಕ್ಕಳೆಲ್ಲ ಅದರ ಮುಂದೆ. ದಲ್ಲಾಳಿ ಕಬ್ಬಿಣ ತೂಗಿ ಕೊಡುವುದು, ಮೊಳೆ ತೂಗಿ ತೆಗೆದುಕೊಳ್ಳುವುದು. ತೂಕದಲ್ಲಿ ಮೋಸ ಬೇರೆ. ಮಿಷನ್ ಜೊತೆ ಪೈಪೋಟಿಗೆ ಬಿದ್ದು ಅವರ ಕೂಲಿ ಇಳಿಯುತ್ತಲೇ ಹೋಯಿತು. ಆ ಮೊಳೆಗಳು ಬ್ರಿಟಿಷರ ವಸಾಹತುಗಳಿಗೆಲ್ಲ ಹಡಗಿನಲ್ಲಿ ಹೋಗುತ್ತಿದ್ದವು. 1834ರಿಂದ ಕೊಡಗೂ ಬ್ರಿಟಿಷರ ಕೈಯಲ್ಲೇ ಇತ್ತಲ್ಲ. ಹಾಗಿರುವಾಗ ಬಡಿದ ಮೊಳೆ ಕಂಡ ಕೂಡಲೇ ಊರಿನ ಹೆಸರು ಹಚ್ಚುವುದು ಹೇಗೆ?

ವಯಸ್ಸಿನ ಮಾತಿಗೆ ಬರೋಣ. ಮೊಳೆ ಹೇಳುವುದು ಒಂದೇ: ಇದಕ್ಕಿಂತ ಹಿಂದಿನದ್ದಲ್ಲ ಅಂತ. ಕೊಡಗಿನ ಅರಸರ ನಾಲ್ಕುನಾಡು ಅರಮನೆಯ ಕಾಲ 1792, ಪರ್ಕಿನ್ಸ್ ಪೇಟೆಂಟ್ 1795. ಅಲ್ಲಿ ಕತ್ತರಿಸಿದ ಮೊಳೆ ಸಿಕ್ಕರೆ ಅದು ಆಮೇಲಿನ ರಿಪೇರಿಯದ್ದು ಅಂತ ಧೈರ್ಯವಾಗಿ ಹೇಳಬಹುದು. ಆದರೆ ಮಿಷನ್ ಅಲ್ಲಿ ಬಂದ ವರ್ಷವೇ ಮೊಳೆ ಇಲ್ಲಿ ಘಟ್ಟ ಹತ್ತಿ ಬಂತು ಅಂತಲ್ಲ. ಹಳೇ ಮೊಳೆಯನ್ನು ನೆಟ್ಟಗೆ ಮಾಡಿ ಮತ್ತೆ ಹೊಡೆಯುವ ಅಭ್ಯಾಸವೂ ಇದೆ, ಈಗಲೂ ಇದೆ. ಇನ್ನು ಛಾವಣಿಯ ಮೊಳೆಯನ್ನಂತೂ ನಂಬಲೇಬೇಡಿ. ಮೊದಲು ನಮ್ಮ ಮನೆಗಳದ್ದು ಹುಲ್ಲಿನ ಮಾಡು, ಹಗ್ಗದಲ್ಲಿ ಕಟ್ಟಿದ್ದು, ಅದಕ್ಕೆ ಮೊಳೆಯ ಹಂಗಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಹಂಚಿನ ಕಾರ್ಖಾನೆ ಶುರು ಮಾಡಿದ್ದೇ 1865ರಲ್ಲಿ. ಆ ಹಂಚು ಕೂರಲು ಪಕ್ಕಾಸಿನ ಮೇಲೆ ರೀಪು, ಅಂದರೆ ಮಾಡಿನ ಇಳಿಜಾರು ಮರಗಳ ಮೇಲೆ ಅಡ್ಡ ಪಟ್ಟಿ, ಬೇಕು, ರೀಪಿಗೆ ಮೊಳೆ ಬೇಕು. ನಮ್ಮ ಮಳೆಗೆ ರೀಪು ಎಷ್ಟು ಸಲ ಬದಲಾಗುತ್ತದೆ ಅಂತ ಇಲ್ಲಿಯವರಿಗೆ ಗೊತ್ತು. ಮುನ್ನೂರು ವರ್ಷದ ಹಂಚಿನ ಮನೆ ಅಂತ ಬೋರ್ಡ್ ಹಾಕಿಕೊಂಡ ಹೋಂಸ್ಟೇಗಳಿವೆ. ಗೋಡೆ ಮುನ್ನೂರು ವರ್ಷದ್ದಿರಲಿ ಬಿಡಿ, ಆ ಮಂಗಳೂರು ಹಂಚಿಗೆ ಅಷ್ಟು ವಯಸ್ಸು ಬರಲು ಇನ್ನೂ ಬಹಳ ಕಾಲ ಬೇಕು.

ನಾನು ಇಷ್ಟೆಲ್ಲ ಬರೆದದ್ದು ಲೇಖಕರ ತಪ್ಪು ಹಿಡಿಯುವುದಕ್ಕಲ್ಲ. 2018ರ ಮಳೆ ಅನಾಹುತ ಆದ ಮೇಲೆ ಹಳೇ ಮನೆ ಬಿಚ್ಚುವುದು, ಜೀರ್ಣೋದ್ಧಾರ ಮಾಡುವುದು ನನ್ನ ಗಿರಾಕಿಗಳಲ್ಲೇ ಜಾಸ್ತಿಯಾಗಿದೆ. ಮರ, ಹಿತ್ತಾಳೆ ಬೀಗ, ಬಾಗಿಲು ಇವಕ್ಕೆಲ್ಲ ಬೆಲೆ ಕಟ್ಟುವವರಿದ್ದಾರೆ. ಮೊಳೆ ಮಾತ್ರ ಗೋಣಿಚೀಲಕ್ಕೆ, ಚೀಲ ಗುಜರಿಗೆ. ಮೊನ್ನೆ ಮೊನ್ನೆ ನನ್ನ ಪರಿಚಯದ ಒಬ್ಬ ಮೇಸ್ತ್ರಿ ಒಂದು ಐನ್‌ಮನೆಯ, ಅಂದರೆ ಕೊಡವ ಮನೆತನವೊಂದರ ಮೂಲ ಮನೆಯ, ಮೊಳೆಗಳನ್ನೆಲ್ಲ ಕಿಲೋ ಲೆಕ್ಕದಲ್ಲಿ ಕೊಟ್ಟು ಬಂದ. ಚಾಗೂ ಸಾಲದಷ್ಟು ದುಡ್ಡು ಸಿಕ್ಕಿತು ಅಂತ ಅವನೇ ನಕ್ಕ.

ಹಾಗಾಗಿ ಮನೆ ಬಿಚ್ಚಿಸುವವರಲ್ಲಿ ಒಂದು ವಿನಂತಿ. ಎಲ್ಲ ಮೊಳೆ ಇಟ್ಟುಕೊಳ್ಳುವುದು ಬೇಡ. ಬಾಗಿಲ ಚೌಕಟ್ಟಿನಿಂದ, ಮುಚ್ಚಿಗೆಯಿಂದ, ಅಟ್ಟದ ಹಲಗೆಯಿಂದ ನಾಲ್ಕೈದು ಮೊಳೆ ತೆಗೆದು ಬೇರೆ ಬೇರೆ ಕವರಿಗೆ ಹಾಕಿ, ಎಲ್ಲಿಯದ್ದು ಅಂತ ಪೆನ್ನಿನಲ್ಲಿ ಬರೆಯಿರಿ. ಎಲ್ಲ ಒಟ್ಟಿಗೆ ಸೇರಿಸಿದರೆ ಸುಮ್ನೆ ಕಬ್ಬಿಣ ಅಷ್ಟೇ. ಗ್ರೈಂಡರ್ ಹಾಕಿ ಉಜ್ಜಬೇಡಿ, ಆ ಚುಂಗಿನ ಗುರುತೇ ಹೋಗಿಬಿಡುತ್ತದೆ. ಸೀಮೆಎಣ್ಣೆಯಲ್ಲಿ ರಾತ್ರಿ ನೆನೆಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದರೆ ಸಾಕು. ಮಡಿಕೇರಿ ಕೋಟೆಯ ಮ್ಯೂಸಿಯಂನವರು ಇಂಥವನ್ನು ಒಂದು ಪೆಟ್ಟಿಗೆಯಲ್ಲಿ ಊರಿನ ಹೆಸರು ಬರೆದು ಇಟ್ಟರೆ ಬಹಳ ಒಳ್ಳೆಯದು, ಜಾಗವೂ ಜಾಸ್ತಿ ಬೇಡ. ನಿಮ್ಮ ಲೇಖಕರ ಹತ್ತಿರ ಆ ಬಾಗಿಲಿನ ಮೊಳೆ ಇನ್ನೂ ಇದ್ದರೆ ದಯವಿಟ್ಟು ಅಂಚಿನ ಹತ್ತಿರದ ಫೋಟೋ ಒಂದನ್ನು ಹಾಕಿಸಿ, ಚುಂಗು ಯಾವ ಕಡೆ ಇದೆ ಅಂತ ಓದುಗರೇ ನೋಡಿಕೊಳ್ಳುತ್ತಾರೆ.

ಇಂತಿ,
ಒಬ್ಬ ಹಾರ್ಡ್‌ವೇರ್ ಅಂಗಡಿಯವ, ಗೋಣಿಕೊಪ್ಪಲು